ಸಾಬಮ್ಮನ ಜ್ವರ

"ಜ್ವರ ಬಂದಾಕಿ ಇಕೀನೇ ಏನ್ರಿ, ಮಾಸ್ತರ?" ಇನ್ಸ್‌ಪೆಕ್ಟರ್ ಸಾಹೇಬರು ಕೇಳಿದರು. ಐನಾಪುರ ಶಾಲೆಯ ಕಲ್ಯಾಣಪ್ಪ ಮಾಸ್ತರರು ಹಿಂದೆಯೇ ನಿಂತುಬಿಟ್ಟರು. ತನ್ನ ಮನೆಯ ಅಂಗಳದಲ್ಲಿ ನಾಲ್ಕನೇ ತರಗತಿಯ ಸಾಬಮ್ಮ ಬೀಸುಕಲ್ಲಿನ ಮುಂದೆ ಕೂತು, ಹಾಡಿಕೊಳ್ಳುತ್ತ ತೊಗರಿ ಒಡೆಯುತ್ತಿದ್ದಳು.

ಆ ವರ್ಷ ರಾಜಧಾನಿ ಹೈದರಾಬಾದಿನಿಂದ ಹೊಸ ನಿಯಮ ಬಂದಿತ್ತು. ನಾಲ್ಕನೇ ತರಗತಿಗೆ ಎಲ್ಲ ಸರ್ಕಾರಿ ಶಾಲೆಗಳಲ್ಲೂ ಒಂದೇ ಪರೀಕ್ಷೆ. ಮಕ್ಕಳು ನಪಾಸಾದರೆ ಮಾಸ್ತರರಿಗೆ ಬಡ್ತಿಯಿಲ್ಲ. ಸಾಬಮ್ಮನಿಗೆ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. "ನಾಳಿ ಸಾಲಿಗಿ ಬರಬ್ಯಾಡವ್ವ" ಎಂದು ಪರೀಕ್ಷೆಯ ಹಿಂದಿನ ದಿನ ಮಾಸ್ತರರೇ ಅವಳಿಗೆ ಮೆಲ್ಲಗೆ ಹೇಳಿದ್ದರು. ಪರೀಕ್ಷೆ ನಡೆಸಲು ಬಂದ ಸಾಹೇಬರು ಬೆಳಿಗ್ಗೆ ಹಾಜರಿ ಕರೆದಾಗ, ಅವಳಿಗೆ ಜ್ವರ ಎಂದು ಮಾಸ್ತರರು ಹೇಳಿಬಿಟ್ಟಿದ್ದರು. ಕಾಯಿಲೆಯ ಮಗುವನ್ನು ಮನೆಯಲ್ಲೇ ಪರೀಕ್ಷಿಸಬೇಕೆಂಬ ನಿಯಮವೂ ಇದೆಯೆಂದು ಸಾಹೇಬರು ಎದ್ದು ಹೊರಟೇಬಿಟ್ಟಿದ್ದರು.

"ಯಾಕವ್ವ, ಪರೀಕ್ಷಾಕ್ಕ ಅಂಜಿ ನಿಮ್ಮ ಮಾಸ್ತರಿಗೆ ಸುಳ್ಳ ಹೇಳಿ ಕುಂತಿಯೇನು?" ಸಾಹೇಬರು ದನಿ ಏರಿಸಿದರು. ಸಾಬಮ್ಮ ಮಾಸ್ತರರ ಮುಖ ನೋಡಿದಳು. ಅವರು ನೆಲ ನೋಡಿದರು. ಅವಳು ಬೀಸುಕಲ್ಲಿನ ಗೂಟ ಬಿಟ್ಟು ಎದ್ದು ನಿಂತಳು. "ಹೌದ್ರಿ ಸಾಹೇಬ್ರ. ನಾನೇ ಸುಳ್ಳ ಹೇಳೀನ್ರಿ. ಮಾಸ್ತರಿಗಿ ಏನೂ ಗೊತ್ತಿಲ್ರಿ" ಎಂದಳು.

ಸಾಹೇಬರು ಅವಳ ಕಿವಿಗೆ ಕೈ ಹಾಕಿದರು. ಅವಳು ಕಣ್ಣು ಮುಚ್ಚಿಕೊಂಡಳು. ಕಲ್ಯಾಣಪ್ಪ ಮಾಸ್ತರರಿಗೆ ತಡೆಯಲಾಗಲಿಲ್ಲ. ಮುಂದೆ ಬಂದು ಸಾಹೇಬರ ಕೈ ಹಿಡಿದರು. "ಬಿಡ್ರಿ ಸಾಹೇಬ್ರ. ಆಕೀದು ತಪ್ಪಿಲ್ಲ. ಸುಳ್ಳ ಹೇಳ್ದಾಂವ ನಾನು. ಬರಬ್ಯಾಡ ಅಂದಾಂವನೂ ನಾನೇ."