ಮೇಜಿನ ಕಾಳಜಿ

ವಿರೂಪಾಕ್ಷನ ಸೊಂಟ ಹಿಡಿದುಕೊಂಡಿತ್ತು. ರಜೆ ಬೇಕೆಂದರೆ ಅವನು ದುಡಿಯುವ ಹುಬ್ಬಳ್ಳಿಯ ಸಾಫ್ಟ್‌ವೇರ್ ಕಚೇರಿಯಲ್ಲಿ ಮಾತನಾಡುವ ಯಾಂತ್ರಿಕ ಮೇಜನ್ನೇ ಕೇಳಬೇಕು. ನೌಕರರ ಆರೋಗ್ಯದ ಬಗ್ಗೆ ಅದಕ್ಕೆ ಹೆತ್ತತಾಯಿಗಿಂತ ಹೆಚ್ಚು ಕಾಳಜಿ. ಯಾರದಾದರೂ ಬೆನ್ನು ಬಾಗಿತೋ, ಕೀಬೋರ್ಡನ್ನು ಒಳಗೆಳೆದುಕೊಳ್ಳುತ್ತಿತ್ತು.

"ನೆಟ್ಟಗೆ ಕುಳಿತು ಅರ್ಜಿ ಬರೆಯಿರಿ," ಎಂದಿತು ಮೇಜು.

"ನೆಟ್ಟಗ ಕೂಡಾಕ ಬರ್ತಿದ್ರ ರಜಾ ಯಾಕ ಕೇಳ್ತಿದ್ದೆ, ನಮ್ಮಪ್ಪಾ?" ಎಂದು ಅವನು ನರಳಿದ.

ಪಕ್ಕದಲ್ಲಿ ಕೂರುವ ಶಕುಂತಲಾಳಿಗೆ ಕನಿಕರವಾಯಿತು. "ತಡೀರಿ ಅಣ್ಣಾರ," ಎಂದು ತನ್ನ ದುಪಟ್ಟಾದಿಂದ ಅವನನ್ನು ಕುರ್ಚಿಗೆ ಬಿಗಿದು ಕಟ್ಟಿದಳು. ಕೀಬೋರ್ಡು ಹೊರಬಂತು. ಅವನು ಹಲ್ಲು ಕಚ್ಚಿಕೊಂಡು "ವಿಪರೀತ ಸೊಂಟನೋವು" ಎಂದು ಬರೆದು ಕಳುಹಿಸಿದ.

ಮೇಜು ಅವನನ್ನು ಮೇಲಿನಿಂದ ಕೆಳಗೆ ಅಳೆಯಿತು. "ಇಷ್ಟು ಚೆನ್ನಾಗಿ ಕುಳಿತಿದ್ದೀರಿ, ನೋವೆಲ್ಲಿದೆ? ರಜೆ ಇಲ್ಲ."

ಶಕುಂತಲಾ ಗಂಟು ಬಿಚ್ಚಲು ಹೋದಳು.

"ಇರಲಿ ಬಿಡಿ," ಎಂದಿತು ಮೇಜು. "ನಾಳೆಯಿಂದ ಎಲ್ಲರನ್ನೂ ಹೀಗೇ ಕಟ್ಟಿಸೋಣ."