ಚರ್ಚಿನ ಹಿಡಿ ಅಕ್ಕಿ

ಡಬ್ಬಿಯ ತಳದಲ್ಲಿ ಒಣಗಿದ ಬೇವಿನೆಲೆ ಇರುತ್ತಿತ್ತು. ಅಡುಗೆಗೆ ಅಕ್ಕಿ ತೆಗೆದಾಗಲೆಲ್ಲ ಅವ್ವ ಚರ್ಚಿಗೆಂದು ಒಂದು ಹಿಡಿಯನ್ನು ಅದರಲ್ಲಿ ಹಾಕುತ್ತಿದ್ದಳು. ಈಗಲೂ ಬೇವಿನೆಲೆ ಹಾಕಿಟ್ಟ ಅಕ್ಕಿಯ ವಾಸನೆಗೆ ದಾವಣಗೆರೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಅಪ್ಪ ದುಡಿಯುತ್ತಿದ್ದ ಮಿಲ್ಲು ಮುಚ್ಚಿತ್ತು. ಅಪ್ಪ ಕೆಲಸ ಹುಡುಕಲು ಹರಿಹರಕ್ಕೆ ಹೋಗಿದ್ದ. ಅಕ್ಕಿ ಚೀಲದ ತಳ ಕಾಣುತ್ತಿತ್ತು.

“ಇವತ್ತು ದೇವರಿಗೆ ಬ್ಯಾಡವ್ವ, ನಮಗೇ ಸಾಲಲ್ಲ,” ಎಂದೆ.

“ನಮಗೆ ಕಷ್ಟ ಬಂತಂತ ಆತನ ಗುಣ ಕೆಡ್ತೈತೇನು? ಸುಮ್ನೆ ಒಲೆ ಊದು,” ಎಂದಳು.

ಅವಳು ನೀರಿಗೆ ಹೋದಾಗ ಡಬ್ಬಿಯಿಂದ ಒಂದು ಹಿಡಿ ತೆಗೆದು ಗಂಜಿಗೆ ಹಾಕಿದೆ. ಬಡಿಸುವಾಗ ಗಂಜಿ ಗಟ್ಟಿಯಾಗಿರುವುದನ್ನು ಅವ್ವ ನೋಡಿದಳು. ಪ್ರಾರ್ಥನೆ ಮಾಡಿ, ತನ್ನ ತಟ್ಟೆಯ ಗಂಜಿಯಲ್ಲಿ ಅರ್ಧ ನನಗೇ ಹಾಕಿದಳು.

ಮರುದಿನ ಬೆಳಿಗ್ಗೆ ಅವಳು ಒಲೆ ಹಚ್ಚುವ ಮೊದಲೇ ನಾನು ಡಬ್ಬಿಗೆ ಅಕ್ಕಿ ಹಾಕಿದೆ. ನನ್ನ ಕೈ ಚಿಕ್ಕದೆಂದು ಎರಡು ಹಿಡಿ ಹಾಕಿದೆ.