ತೌಡವ್ವ ಎಂಬ ಹೆಸರು

ದನಕ್ಕೆ ತೌಡು ಕಲಸುವ ವಾಸನೆ ಬಂದರೆ ಇಂದಿಗೂ ತಿಳವಳ್ಳಿಯ ಆ ಮಧ್ಯಾಹ್ನ ನೆನಪಾಗುತ್ತದೆ. ನನ್ನ ಅವ್ವನ ಹೆಸರು ತೌಡವ್ವ. ಶಾಲೆಯಲ್ಲಿ ಎಲ್ಲರೂ ನಕ್ಕರೆಂದು ಅಜ್ಜಿಯನ್ನು ಕೇಳಿದೆ, "ಅವ್ವಗ ಇಂಥಾ ಹೆಸರು ಯಾಕ ಇಟ್ಟಿ?"

ಅಜ್ಜಿ ಅವರೆಕಾಯಿ ಸುಲಿಯುತ್ತಲೇ ಹೇಳಿದಳು. "ಮೊದಲಿನ ಕೂಸೆಲ್ಲಾ ತೊಟ್ಟಲದಾಗ ಹೋದವು. ಇಕಿ ಹುಟ್ಟಿದ ದಿನಾನ ಬಾಜೂಮನಿ ಫಾತಿಮಾಗ ಒಂದು ಮೊರ ತೌಡಿಗೆ ಮಾರಿಬಿಟ್ಟೆ. ನಂದಲ್ಲಂದ್ರ ಸಾವು ಮುಟ್ಟೂದಿಲ್ಲಂತ."

ನಾನು ಕೇಳಿದೆ, "ತಿರುಗಿ ಕೊಂಡಿ ಹೌದಿಲ್ಲೊ?"

"ಇಲ್ಲ. ಅಂಜಿಕಿ. ಮನ್ಯಾಗ ಇಟ್ಕೊಂಡು ಬೆಳಸಿದೆ, ಆದ್ರ ನನಗ ಅವ್ವ ಅನಬ್ಯಾಡ, ಅಕ್ಕ ಅನ್ನು ಅಂತ ಕಲಿಸಿದೆ."

ತನ್ನಿಂದ ಅಕ್ಕ ಎನ್ನಿಸಿದ್ದು ಯಾಕೆಂದು ಬಾಗಿಲಲ್ಲಿ ನಿಂತಿದ್ದ ನನ್ನ ಅವ್ವನಿಗೂ ಅಂದೇ ತಿಳಿದದ್ದು. ಆಕೆ ಬಂದು ಅಜ್ಜಿಯ ಎದುರು ಕುಳಿತಳು. ಮೆಲ್ಲಗೆ, "ಅವ್ವಾ" ಎಂದಳು.

ಅಜ್ಜಿ ಗಾಬರಿಯಿಂದ ಅಂಗೈಯನ್ನು ಅವಳ ಬಾಯಿಗೆ ಒತ್ತಿ ಹಿಡಿದಳು.